ಚಿಮಣಿಯ ಮಸಿ, ಮನೆಯವರ ಹೊಣೆ

ಕೂಲಿ ಕೊಟ್ಟು ಒಂದು ಕೆಲಸ ಮಾಡಿಸಿಕೊಂಡ ಮೇಲೆ ನಮ್ಮ ಹೊಣೆ ಎಲ್ಲಿಗೆ ಮುಗಿಯುತ್ತದೆ? ನೋಟು ಎಣಿಸಿ ಕೈಗಿಟ್ಟ ಕ್ಷಣಕ್ಕೇ ಮುಗಿಯಿತೆ? ಅಥವಾ ಕೆಲಸ ಮಾಡಿದವನು ಅದನ್ನು ಹೇಗೆ ಮಾಡಿದ, ಮಾಡುವಾಗ ಅವನ ಮೈಗೆ ಏನಾಯಿತು ಎಂಬುದೂ ನಮ್ಮ ಲೆಕ್ಕಕ್ಕೆ ಸೇರುತ್ತದೆಯೆ? ಧರ್ಮಶಾಸ್ತ್ರದ ದೊಡ್ಡ ಗ್ರಂಥಗಳನ್ನು ತೆರೆಯದೆ, ಒಂದು ಸಾಮಾನ್ಯ ವಸ್ತುವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಯೋಚಿಸೋಣವೆಂದು ನಮ್ಮ ಆಸೆ. ಆ ವಸ್ತು ಸೌದೆ ಒಲೆಯ ಚಿಮಣಿ. ಆ ಕೆಲಸ ಚಿಮಣಿಯೊಳಗಿನ ಮಸಿ ತೆಗೆಸುವುದು.

ಚಿಮಣಿ ಎಂದೊಡನೆ ನಮ್ಮವರಲ್ಲೇ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಧಾರವಾಡದ ಕಡೆಯವರಿಗೆ ಅದು ಸೀಮೆಎಣ್ಣೆಯ ದೀಪ. ಪುಣೆ, ಮುಂಬಯಿಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿಯ ಗುಬ್ಬಚ್ಚಿ. ಈಗಿನ ಫ್ಲಾಟುಗಳ ಗೃಹಿಣಿಯರಿಗೆ ಗ್ಯಾಸ್ ಒಲೆಯ ಮೇಲೆ ಗುಂಯ್‌ಗುಡುವ ವಿದ್ಯುತ್ ಯಂತ್ರ. ನಾವಿಲ್ಲಿ ಹೇಳುತ್ತಿರುವುದು ಒಲೆಯಿಂದ ಹೊರಟು ಮಾಡು ದಾಟಿ ಹೋಗುವ ಹೊಗೆಗೂಡಿನ ವಿಚಾರ.

ನಮ್ಮ ಹಿರಿಯರ ಬಹುಪಾಲು ಅಡುಗೆಮನೆಗಳಲ್ಲಿ ಇಂಥ ಹೊಗೆಗೂಡು ಇರಲಿಲ್ಲ. ಹೊಗೆ ಹೆಂಚಿನ ಸಂದಿಯಲ್ಲೋ ಗವಾಕ್ಷಿಯಲ್ಲೋ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಹೋಗುವ ಮುನ್ನ ಜಂತೆಗೂ ಗೋಡೆಗೂ ಮಸಿ ಬಳಿದು, ಅಟ್ಟದ ಕೆಳಗೆ ಇಲ್ಲಣ ತೂಗುಬಿಡುತ್ತಿತ್ತು. ಯುಗಾದಿ ಹತ್ತಿರ ಬಂತೆಂದರೆ ಉದ್ದನೆಯ ಗಳುವಿಗೆ ಪೊರಕೆ ಕಟ್ಟಿ, ತಲೆಗೆ ವಸ್ತ್ರ ಸುತ್ತಿಕೊಂಡು ಮನೆಯವರೇ ಇಲ್ಲಣ ಹೊಡೆಯುತ್ತಿದ್ದರು. ಆ ಕಾಲವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದರ ಬೆಲೆಯನ್ನು ನಮ್ಮ ತಾಯಂದಿರು, ಅಜ್ಜಿಯರು ಕಣ್ಣಿನಿಂದ, ಉಸಿರಿನಿಂದ ತೆತ್ತರು. ಆದರೆ ಆ ಕೊಳೆ ಎಲ್ಲರ ಕಣ್ಣೆದುರಿಗೇ ಇತ್ತು. ಯಾರ ಒಲೆಯ ಮಸಿ ಯಾರ ತಲೆಯ ಮೇಲೆ ಬೀಳುತ್ತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಚಿಮಣಿ ಬಂದು ಈ ಕಷ್ಟವನ್ನು ಕಳೆಯಿತು. ಜೊತೆಗೆ ಕೊಳೆಯನ್ನು ಕಣ್ಣಿಂದ ಮರೆಮಾಡಿತು. ಹೇಳಿ ಕೇಳಿ ನಾವು ಗುಮಾಸ್ತರು. ತೊಡಕಿನ ಕಡತವನ್ನು ಒಂದು ಸಾಲು ಷರಾ ಬರೆದು ಮುಂದಿನ ಮೇಜಿಗೆ ತಳ್ಳಿದರೆ ನಮ್ಮ ಮೇಜು ಚೊಕ್ಕಟವಾಗುತ್ತದೆಂಬುದು ನಮಗೆ ಚೆನ್ನಾಗಿ ಗೊತ್ತು. ಆದರೆ ಕಡತ ಮುಗಿದಿರುವುದಿಲ್ಲ. ಚಿಮಣಿಯ ಹೊಗೆಯೂ ಹಾಗೆಯೇ. ಮೇಲಕ್ಕೆ ಹೋಯಿತೆಂದು ನಾವು ನಿಶ್ಚಿಂತೆಯಿಂದಿರುವಾಗ ಅದು ದಾರಿಯುದ್ದಕ್ಕೂ ತನ್ನ ಬಾಕಿಯನ್ನು ಬಿಟ್ಟುಕೊಂಡೇ ಹೋಗಿರುತ್ತದೆ.

ಈ ಬಾಕಿ ಎಂಥದು ಎಂಬುದನ್ನು ಸ್ವಲ್ಪ ನೋಡೋಣ. ಸೌದೆ ಸಂಪೂರ್ಣವಾಗಿ ಉರಿದರೆ ಉಳಿಯಬೇಕಾದ್ದು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಒಂದಿಷ್ಟು ಬೂದಿ. ಆದರೆ ಯಾವ ಒಲೆಯಲ್ಲೂ ಸೌದೆ ಸಂಪೂರ್ಣವಾಗಿ ಉರಿಯುವುದಿಲ್ಲ. ಹಸಿ ಸೌದೆಯಾದರಂತೂ ಶಾಖದ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಬೆಂಕಿ ಮಂದವಾಗಿ ಹೊಗೆ ಹೆಚ್ಚುತ್ತದೆ. ಒಲೆಗೆ ಹಾಕುವ ಸೌದೆಯಲ್ಲಿ ನೀರಿನ ಅಂಶ ಶೇಕಡಾ 20ಕ್ಕಿಂತ ಕಡಿಮೆಯಿರಬೇಕೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ. ಅರೆಬೆಂದ ಹೊಗೆ ಚಿಮಣಿಯ ತಣ್ಣನೆಯ ಗೋಡೆಗೆ ತಾಗಿದಾಗ ಅದರಲ್ಲಿನ ಡಾಂಬರಿನಂಥ ಪದಾರ್ಥ ಇಬ್ಬನಿಯಂತೆ ಕೂತು ಗಟ್ಟಿಯಾಗುತ್ತದೆ. ಇದಕ್ಕೆ ಕ್ರಿಯೊಸೋಟ್ ಎಂದು ಹೆಸರು. ಇದು ಸ್ವತಃ ಒಳ್ಳೆಯ ಇಂಧನ. ಎಂದೋ ಒಂದು ದಿನ ಒಲೆಯ ಜ್ವಾಲೆ ಮೇಲೇರಿದರೆ ಚಿಮಣಿಯೇ ಒಳಗಿನಿಂದ ಹೊತ್ತಿಕೊಳ್ಳುತ್ತದೆ. ಶಾಖ 1000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಹುದು. ರೈಲು ಹಾದುಹೋದಂಥ ಸದ್ದು ಕೇಳಿಸುತ್ತದೆ. ಬೆಂಕಿ ಹತ್ತದಿದ್ದರೂ ಅಪಾಯ ತಪ್ಪಿದ್ದಲ್ಲ. ಮಸಿಯಿಂದಲೋ ಹಕ್ಕಿಯ ಗೂಡಿನಿಂದಲೋ ದಾರಿ ಕಟ್ಟಿಕೊಂಡರೆ ಇಂಗಾಲದ ಮಾನಾಕ್ಸೈಡ್ ಕೋಣೆಗೇ ಹಿಂತಿರುಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಹಿಡಿದುಕೊಳ್ಳುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಶಿಮ್ಲಾಕ್ಕೋ ಶ್ರೀನಗರಕ್ಕೋ ವರ್ಗವಾಗಿ ಹೋಗಿ, ಬುಖಾರಿ ಎಂಬ ತಗಡಿನ ಒಲೆಯ ಮುಂದೆ ಚಳಿಗಾಲ ಕಳೆದು ಬಂದವರಿಗೆ ಈ ಎಚ್ಚರಿಕೆಯ ಮಾತು ಹೊಸದಲ್ಲ.

ಆದ್ದರಿಂದ ಚಿಮಣಿಯನ್ನು ಕಾಲಕಾಲಕ್ಕೆ ಶುಚಿಮಾಡಿಸುವುದು ಮನೆಯವರ ಮೊದಲನೆಯ ಹೊಣೆ. ಚಿಮಣಿ ಕಟ್ಟಿಸಿದ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು 1980ರ ದಶಕದಲ್ಲಿ ಚಿಮಣಿಯುಳ್ಳ ‘ಅಸ್ತ್ರ ಒಲೆ’ಯನ್ನು ಬಳಕೆಗೆ ತಂದು ಕರ್ನಾಟಕದ ಎಷ್ಟೋ ಅಡುಗೆಮನೆಗಳ ಹೊಗೆಯನ್ನು ಹೊರಕ್ಕೆ ಕಳಿಸಿದರು. ಅದೇ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಚಿಮಣಿ ಒಲೆಗಳನ್ನು ಕುರಿತು ನಡೆದು 2012ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಏನು ಹೇಳಿತು? ಮೊದಲ ವರ್ಷ ಒಳಗೆಳೆದುಕೊಳ್ಳುವ ಹೊಗೆ ಕಡಿಮೆಯಾಯಿತು; ಆಮೇಲೆ ಆ ಲಾಭ ಉಳಿಯಲಿಲ್ಲ. ದುರಸ್ತಿ, ಶುಚಿ ಇಲ್ಲದ ಒಲೆಗಳು ಹಳೆಯ ಒಲೆಗಳಂತೆಯೇ ಆದವು.

ಈಗ ಶುಚಿಮಾಡುವವನ ಕಡೆಗೆ ಬರೋಣ. ಸೌದೆ ಒಲೆಯಿಟ್ಟುಕೊಂಡಿರುವ ಚಳಿದೇಶಗಳಲ್ಲಿ ಇಂದು ಇದೊಂದು ಕಲಿತು ಮಾಡುವ ವೃತ್ತಿ. ನಮ್ಮ ಬಂಧುಮಿತ್ರರ ಮಕ್ಕಳಲ್ಲಿ ಅಂಥ ದೇಶಗಳಿಗೆ ಹೋಗಿ ನೆಲೆಸಿದವರು ಇದ್ದಾರಲ್ಲವೆ, ಅವರನ್ನು ಕೇಳಿ ನೋಡಿ. ಚಿಮಣಿಯವನು ಮೊದಲೇ ಗೊತ್ತುಮಾಡಿದ ವೇಳೆಗೆ ಬರುತ್ತಾನೆ. ಒಲೆಯ ಸುತ್ತ ಬಟ್ಟೆ ಹಾಸಿ, ಬಾಯಿಗೆ ಪರದೆ ಕಟ್ಟಿ, ಒಂದಕ್ಕೊಂದು ಜೋಡಿಸುವ ಸರಳುಗಳ ತುದಿಗೆ ಕುಂಚ ಸಿಕ್ಕಿಸಿ ಮೇಲಕ್ಕೆ ತಳ್ಳುತ್ತಾನೆ. ಉದುರಿದ ಮಸಿಯನ್ನು ಯಂತ್ರ ಹೀರಿಕೊಳ್ಳುತ್ತದೆ. ಕೊನೆಗೆ ಹೊಗೆ ಸರಿಯಾಗಿ ಮೇಲೇರುತ್ತಿದೆಯೇ ಎಂದು ಪರೀಕ್ಷಿಸಿ ಒಂದು ಪ್ರಮಾಣಪತ್ರ ಕೊಡುತ್ತಾನೆ. ಜರ್ಮನಿಯಲ್ಲಂತೂ ಅವನು ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ ಪರೀಕ್ಷೆ ಪಾಸಾಗಿ ಬಂದ ಕುಶಲಕರ್ಮಿ. ಕಪ್ಪು ಉಡುಪಿನ ಅವನು ಎದುರಾದರೆ ಶುಭಶಕುನವೆಂದು ಅಲ್ಲಿಯ ಜನ ನಂಬುತ್ತಾರೆ. ಅವನು ಚಿಮಣಿಯೊಳಕ್ಕೆ ಹೋಗುವುದಿಲ್ಲ, ಕುಂಚ ಹೋಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕಾಗಿ ಇಂಗ್ಲೆಂಡಿನಲ್ಲಿ ನೂರು ವರ್ಷ ಹೋರಾಡಬೇಕಾಯಿತು.

1666ರ ಮಹಾ ಅಗ್ನಿದುರಂತದ ಅನಂತರ ಹೊಸದಾಗಿ ಎದ್ದ ಲಂಡನ್ನಿನ ಮನೆಗಳಲ್ಲಿ ಚಿಮಣಿಗಳು ಹೆಚ್ಚಿದವು. ಕಲ್ಲಿದ್ದಲಿನ ಬಳಕೆ ಬೆಳೆದಂತೆ ಅವು ಕಿರಿದಾದವು, ಅಂಕುಡೊಂಕಾದವು. ಎಷ್ಟೋ ಚಿಮಣಿಗಳ ಒಳ ಅಳತೆ 14 ಅಂಗುಲಕ್ಕೆ 9 ಅಂಗುಲ. ಅದರೊಳಗೆ ದೊಡ್ಡವರು ಹಿಡಿಸಲಾರರು. ಆದ್ದರಿಂದ ಬಡವರ ಮಕ್ಕಳನ್ನು, ಅನಾಥರನ್ನು, ಆರೇಳು ವರ್ಷದವರನ್ನೂ ಅದಕ್ಕಿಂತ ಎಳೆಯರನ್ನೂ ಶಿಷ್ಯವೃತ್ತಿಯ ಹೆಸರಿನಲ್ಲಿ ಕೊಂಡುಕೊಂಡು ಹತ್ತಿಸುತ್ತಿದ್ದರು. ಮೊಣಕಾಲು ಮೊಣಕೈಗಳನ್ನು ಗೋಡೆಗೆ ಒತ್ತಿಕೊಂಡು ಆ ಮಕ್ಕಳು ಕತ್ತಲಲ್ಲಿ ಮೇಲೇರಬೇಕು. ಚರ್ಮ ಕಿತ್ತುಬಂದರೆ ಗಟ್ಟಿಯಾಗಲೆಂದು ಉಪ್ಪುನೀರು ತಿಕ್ಕುತ್ತಿದ್ದರು. ರಾತ್ರಿ ಮಲಗುವುದಕ್ಕೆ ಮಸಿಯ ಗೋಣಿಯೇ ಹಾಸಿಗೆ. ಕೆಲವರು ತಿರುವಿನಲ್ಲಿ ಸಿಕ್ಕಿಕೊಂಡು ಉಸಿರುಕಟ್ಟಿ ಸತ್ತರು. ಬದುಕಿ ದೊಡ್ಡವರಾದವರಲ್ಲಿ ಕೆಲವರಿಗೆ ವೃಷಣದ ಚರ್ಮದ ಮೇಲೆ ವಾಸಿಯಾಗದ ಹುಣ್ಣು. ಅದು ಮಸಿಯಿಂದ ಬರುವ ಕ್ಯಾನ್ಸರ್ ಎಂದು ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದ. ಒಂದು ವೃತ್ತಿಗೂ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯಶಾಸ್ತ್ರ ಗುರುತಿಸಿದ್ದು ಅದೇ ಮೊದಲು.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೆ? ಇತ್ತು. 1803ರಲ್ಲೇ ಜಾರ್ಜ್ ಸ್ಮಾರ್ಟ್ ಎಂಬಾತ ಸರಳು ಜೋಡಿಸುವ ಕುಂಚದ ಸಾಧನವನ್ನು ಕಂಡುಹಿಡಿದಿದ್ದ. 1828ರಲ್ಲಿ ಜೋಸೆಫ್ ಗ್ಲಾಸ್ ಅದನ್ನು ಇನ್ನೂ ಸುಧಾರಿಸಿದ. ಕಾಯಿದೆಗಳೂ ಬಂದವು: ಎಂಟು ವರ್ಷದೊಳಗಿನವರು ಕೂಡದೆಂದು 1788ರಲ್ಲಿ, ಆಮೇಲೆ 1834ರಲ್ಲಿ, 21 ವರ್ಷದೊಳಗಿನ ಯಾರನ್ನೂ ಹತ್ತಿಸಕೂಡದೆಂದು 1840ರಲ್ಲಿ. ಚಾರ್ಲ್ಸ್ ಕಿಂಗ್ಸ್ಲಿ ಚಿಮಣಿಯ ಹುಡುಗನೊಬ್ಬನನ್ನು ನಾಯಕನನ್ನಾಗಿ ಮಾಡಿದ ‘ವಾಟರ್ ಬೇಬೀಸ್’ 1863ರಲ್ಲಿ ಪುಸ್ತಕವಾಗಿ ಹೊರಬಂದಿತು. ಮರುವರ್ಷವೇ ಇನ್ನೊಂದು ಕಾಯಿದೆ. ಇಷ್ಟಾದರೂ 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹನ್ನೊಂದು ಹನ್ನೆರಡು ವರ್ಷದ ಹುಡುಗನನ್ನು ಕೇಂಬ್ರಿಜ್ ಬಳಿಯ ಫುಲ್ಬೋರ್ನ್‌ನಲ್ಲಿ ಚಿಮಣಿಗೆ ಹತ್ತಿಸಿದರು; ಅವನು ಸತ್ತ. ಅದು ಯಾವ ಲೋಭಿಯ ಮನೆಯ ಚಿಮಣಿಯೂ ಅಲ್ಲ, ಮಾನಸಿಕ ರೋಗಿಗಳ ಸಾರ್ವಜನಿಕ ಆಸ್ಪತ್ರೆಯದು. ಆ ವರ್ಷ ಲಾರ್ಡ್ ಶಾಫ್ಟ್ಸ್‌ಬರಿ ತಂದ ಕಾಯಿದೆಯಲ್ಲಿ ಪ್ರತಿಯೊಬ್ಬ ಚಿಮಣಿಯವನೂ ಪೋಲೀಸರಿಂದ ಪರವಾನಗಿ ಪಡೆಯಬೇಕೆಂಬ ಕಟ್ಟುಪಾಡು ಬಂದ ಮೇಲೆಯೇ ಈ ಪದ್ಧತಿ ನಿಂತದ್ದು.

ಕುಂಚ ಬಂದ ಮೇಲೂ ಎಪ್ಪತ್ತೆರಡು ವರ್ಷ ಹುಡುಗರೇ ಏಕೆ ಹತ್ತಿದರು? ನಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಹುಡುಗರನ್ನು ದುಡಿಸುತ್ತಿದ್ದ ಯಜಮಾನರು ಕ್ರೂರಿಗಳೆನ್ನುವುದು ಸುಲಭ. ಆದರೆ ಮನೆಯವರು ಕುಂಚವನ್ನೇ ತರಬೇಕೆಂದು ಪಟ್ಟುಹಿಡಿದಿದ್ದರೆ ಯಜಮಾನರೂ ಕುಂಚವನ್ನೇ ತರುತ್ತಿದ್ದರು. ಮನೆಯವರಿಗೆ ಕುಂಚದಿಂದ ಜಮಖಾನೆ ಕೊಳೆಯಾಗುತ್ತದೆಂಬ ಭಯ. ಹುಡುಗರು ಮೂಲೆಮೂಲೆಯನ್ನೂ ಚೆನ್ನಾಗಿ ಕೆರೆಯುತ್ತಾರೆಂಬ ನಂಬಿಕೆ. ಅಂಕುಡೊಂಕಿನ ಹಳೆಯ ಚಿಮಣಿಗಳನ್ನು ಒಡೆಸಿ ಕಟ್ಟಿಸುವ ಖರ್ಚು ಬೇಡವೆಂಬ ಲೆಕ್ಕಾಚಾರ. ಕಾಯಿದೆ ಮಾಡುವ ಪ್ರಭುಗಳಿಗೂ ತೀರ್ಪು ಕೊಡುವ ಮ್ಯಾಜಿಸ್ಟ್ರೇಟರಿಗೂ ಮನೆಯಿತ್ತು, ಮನೆಗೆ ಚಿಮಣಿಯಿತ್ತು.

ಇವರು ಕೆಟ್ಟವರಾಗಿರಲಿಲ್ಲ ಎಂಬುದೇ ಯೋಚಿಸಬೇಕಾದ ಸಂಗತಿ. ಎಲಿಜಬೆತ್ ಮಾಂಟೆಗ್ಯು ಎಂಬ ಸಿರಿವಂತ ವಿದುಷಿ ಲಂಡನ್ನಿನ ತನ್ನ ಮನೆಯಲ್ಲಿ ಪ್ರತಿವರ್ಷ ಮೇ 1ರಂದು ಚಿಮಣಿಯ ಹುಡುಗರನ್ನು ಕರೆದು ಹೊಟ್ಟೆತುಂಬ ಊಟ ಹಾಕುತ್ತಿದ್ದಳು. ಅವಳ ಕರುಣೆ ನಿಜವಾದದ್ದೇ. ಆ ಮಕ್ಕಳಿಗೆ ಅದು ವರ್ಷದಲ್ಲೊಂದು ಹಬ್ಬದ ದಿನವೇ ಆಗಿದ್ದಿರಬೇಕು. ಆದರೆ ಮೇ 2ರ ಬೆಳಗ್ಗೆ ಅವೇ ಹುಡುಗರು ಅವೇ ಚಿಮಣಿಗಳನ್ನು ಹತ್ತುತ್ತಿದ್ದರು. ದೀಪಾವಳಿಗೆ ಇನಾಮು, ಮಿಠಾಯಿ ಡಬ್ಬಿ ಕೊಡುವ ನಾವೂ ಈ ಕಥೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಇನಾಮು ತಪ್ಪಲ್ಲ. ಆದರೆ ಕೆಲಸದ ರೀತಿಯನ್ನು ಬದಲಿಸಬೇಕಾದಲ್ಲಿ ಕೊಟ್ಟ ಇನಾಮು ನಮ್ಮ ಮನಸ್ಸನ್ನು ಸಮಾಧಾನಪಡಿಸುತ್ತದೆ, ಅಷ್ಟೆ.

‘ಮಸಿಯ ಕೆಲಸವೆಂದರೆ ಕಷ್ಟ ಇದ್ದೇ ಇರುತ್ತದೆ, ಏನು ಮಾಡಲಾದೀತು’ ಎನ್ನುವವರಿಗೆ ಇನ್ನೊಂದು ಸಂಗತಿ ಉತ್ತರ ಕೊಡುತ್ತದೆ. ಪಾಟ್ ಕೆಲಸ ಮಾಡಿದ ಆಸ್ಪತ್ರೆಯಲ್ಲೇ ನೂರು ವರ್ಷಗಳ ಅನಂತರ ಹೆನ್ರಿ ಬಟ್ಲಿನ್ ಎಂಬ ವೈದ್ಯನಿದ್ದ. ಚಿಮಣಿಯವರ ಕ್ಯಾನ್ಸರ್ ಇಂಗ್ಲೆಂಡಿನಲ್ಲಿ ಕಾಣುವಷ್ಟು ಯೂರೋಪಿನ ಇತರ ದೇಶಗಳಲ್ಲಿ ಏಕೆ ಕಾಣುವುದಿಲ್ಲ ಎಂದು ಅವನು ವಿಚಾರಿಸುತ್ತ ಹೋದ. 1892ರಲ್ಲಿ ಅವನು ಕೊಟ್ಟ ಉತ್ತರ ಸರಳವಾಗಿತ್ತು: ಅಲ್ಲಿಯವರು ಮೈಗೆ ಒತ್ತುವ ರಕ್ಷಣೆಯ ಉಡುಪು ತೊಡುತ್ತಿದ್ದರು, ದಿನವೂ ಮೈ ತೊಳೆಯುತ್ತಿದ್ದರು. ಮಸಿಯ ಕೆಲಸ ಎರಡು ಕಡೆಯೂ ಇತ್ತು. ಒಂದು ಜೊತೆ ಒಳ್ಳೆಯ ಬಟ್ಟೆ, ಒಂದು ಕೊಳಗ ನೀರು ಇಷ್ಟೇ ಹೆಚ್ಚು ಕಡಿಮೆ. ಮಸಿಯಲ್ಲಿರುವ ವಿಷ ಯಾವುದೆಂಬುದು ರಸಾಯನಶಾಸ್ತ್ರಕ್ಕೆ ಗೊತ್ತಾದದ್ದು 1930ರ ದಶಕದಲ್ಲಿ, ಡಾಂಬರಿನಿಂದ ಬೆಂಜೊಪೈರೀನ್ ಎಂಬ ಪದಾರ್ಥವನ್ನು ಬೇರ್ಪಡಿಸಿದ ಮೇಲೆ. ಅದನ್ನು ತಿಳಿಯುವವರೆಗೆ ಕಾಯಬೇಕಾಗಿರಲಿಲ್ಲ ಎಂಬುದನ್ನು ಆ ನೀರು ಬಟ್ಟೆಗಳೇ ತೋರಿಸಿದವು.

ಇಲ್ಲಿ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಬರುತ್ತವೆ. ಅವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮೊದಲನೆಯದು: ಅವನು ಒಪ್ಪಿಯೇ ಬಂದಿದ್ದಾನಲ್ಲ? ಹೌದು, ಒಪ್ಪಿದ್ದಾನೆ. ಆದರೆ ಇವತ್ತು ಈ ಕೆಲಸ, ಇಲ್ಲವಾದರೆ ಉಪವಾಸ ಎಂಬವನ ಒಪ್ಪಿಗೆಯಿಂದ ನಮಗೆ ಕೆಲಸ ಮಾಡಿಸುವ ಹಕ್ಕು ಬರಬಹುದು, ಅಪಾಯಕ್ಕೆ ದೂಡುವ ಹಕ್ಕು ಬರುವುದಿಲ್ಲ. ಎರಡನೆಯದು: ಈ ಕೆಲಸ ನಿಂತರೆ ಅವನ ಅನ್ನ ಹೋಗುವುದಿಲ್ಲವೆ? ಈ ಆಕ್ಷೇಪದಲ್ಲಿ ಸತ್ಯವಿದೆ. ಯಂತ್ರ ತಂದು ಮನುಷ್ಯನನ್ನು ಬೀದಿಗೆ ಬಿಟ್ಟರೆ ಅದೂ ಅಧರ್ಮವೇ. ಆದರೆ ಕುಂಚ ಚಿಮಣಿಯವನನ್ನು ಕೊಲ್ಲಲಿಲ್ಲ. ಅವನ ಕೈಗೆ ಬಂದು ಅವನನ್ನು ಕುಶಲಕರ್ಮಿಯನ್ನಾಗಿ ಮಾಡಿತು. ಸಾಧನ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ನ್ಯಾಯ ನಿಂತಿದೆ.

ಮೂರನೆಯದು ನಮ್ಮವರೇ ಎತ್ತುವ ಆಕ್ಷೇಪ: ಕಾಯಕದಲ್ಲಿ ಮೇಲು ಕೀಳೆಂಬುದುಂಟೆ? ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಕೊಟ್ಟ ಗೌರವ ಕನ್ನಡಿಗರೆಲ್ಲರ ಹೆಮ್ಮೆ. ಆದರೆ ಅವರು ಆ ಮಾತನ್ನು ತಮ್ಮ ತಮ್ಮ ದುಡಿಮೆಯ ವಿಷಯದಲ್ಲಿ ಆಡಿದರು, ದುಡಿಯುತ್ತಲೇ ಆಡಿದರು. ಕುರ್ಚಿಯಲ್ಲಿ ಕುಳಿತ ನಾವು ಗುಂಡಿಗಿಳಿಯುವವನಿಗೆ ‘ಇದು ನಿನ್ನ ಕಾಯಕ’ ಎಂದರೆ ಮಾತು ಅದೇ ಆದರೂ ಅರ್ಥ ತಿರುವುಮುರುವಾಗುತ್ತದೆ. ಕೆಲಸಕ್ಕೆ ಗೌರವವಿದೆ ಎಂದಾದರೆ, ಆ ಗೌರವ ಮೊದಲು ಮಾಡುವವನ ಪ್ರಾಣಕ್ಕೆ ಸಲ್ಲಬೇಕು.

ಇಷ್ಟು ದೂರದ ಚಿಮಣಿಗಳ ಕಥೆ ನಮಗೇಕೆಂದು ಕೇಳಬಹುದು. ನಮ್ಮ ಮಹಾನಗರದ ಮನೆಗಳ ಮಾಡಿನ ಮೇಲೆ ಚಿಮಣಿಯಿಲ್ಲ, ನಿಜ. ನೆಲದ ಕೆಳಗೆ ಕೊಳವೆಯಿದೆ. ಚಿಮಣಿ ಹೊಗೆಯನ್ನು ಮರೆಮಾಡಿದಂತೆ ಅದು ನಮ್ಮ ಮಲವನ್ನು ಮರೆಮಾಡಿದೆ. ಅದು ಕಟ್ಟಿಕೊಂಡ ದಿನ ಒಬ್ಬ ಮನುಷ್ಯನನ್ನು ಹಗ್ಗ ಕಟ್ಟಿ ಇಳಿಸಿದ ಸುದ್ದಿ, ಅವನು ವಿಷಗಾಳಿಗೆ ಸಿಕ್ಕಿ ಸತ್ತ ಸುದ್ದಿ ದಿಲ್ಲಿ, ಮುಂಬಯಿ, ಚೆನ್ನೈ, ಹೈದರಾಬಾದು ಎನ್ನದೆ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಇಂಗ್ಲೆಂಡಿನಲ್ಲಿ ಬಡತನವೊಂದೇ ಆ ಮಕ್ಕಳನ್ನು ಆರಿಸಿತು. ನಮ್ಮಲ್ಲಿ ಹುಟ್ಟಿದ ಜಾತಿಯೂ ಸೇರಿ ಆರಿಸುತ್ತದೆ. ಈ ಪಾಪದ ಭಾರ ಇನ್ನೂ ಹೆಚ್ಚಿನದು. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದ ಸಚಿವರಾಗಿದ್ದಾಗ ನಿಷೇಧಿಸಿದರೆಂಬುದು ಕರ್ನಾಟಕಕ್ಕೆ ಗೌರವದ ಸಂಗತಿ. ಕೇಂದ್ರದ ಕಾಯಿದೆಗಳು 1993ರಲ್ಲಿ, ಮತ್ತೆ 2013ರಲ್ಲಿ ಬಂದವು. ಕೊಳವೆಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಂತ್ರಗಳೂ ಬಂದಿವೆ. ತಿರುವನಂತಪುರದಲ್ಲಿ 2018ರಲ್ಲೇ ಮ್ಯಾನ್‌ಹೋಲಿಗೆ ಮನುಷ್ಯನ ಬದಲು ಇಳಿಯುವ ಯಂತ್ರವನ್ನು ಬಳಸಲಾಯಿತು. ಕುಂಚವಿತ್ತು, ಕಾಯಿದೆಯಿತ್ತು, ಆದರೂ ಹುಡುಗ ಹತ್ತಿದ ಎಂಬ ಹಳೆಯ ಸ್ಥಿತಿಯಲ್ಲೇ ನಾವೂ ಇದ್ದೇವೆ.

ಇದೆಲ್ಲ ಮುನಿಸಿಪಾಲಿಟಿಯ ಕೆಲಸವೆಂದು ಕೈತೊಳೆದುಕೊಳ್ಳುವಂತಿಲ್ಲ. ರಕ್ಷಣಾ ಸಾಧನ ಕೊಡದೆ, ಸುರಕ್ಷತೆಯ ಕ್ರಮಗಳನ್ನು ಪಾಲಿಸದೆ ಯಾರನ್ನೇ ಆಗಲಿ ಚರಂಡಿ ಕೊಳವೆಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಿ ಶುಚಿಮಾಡಿಸಕೂಡದೆಂದು 2013ರ ಕಾಯಿದೆ ಹೇಳುವಾಗ, ನೇರವಾಗಿ ಮಾಡಿಸುವವರನ್ನೂ ಗುತ್ತಿಗೆಯ ಮೂಲಕ ಮಾಡಿಸುವವರನ್ನೂ ಅದು ಒಟ್ಟಿಗೇ ಹಿಡಿಯುತ್ತದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ನಮ್ಮ ಹೌಸಿಂಗ್ ಸೊಸೈಟಿಗಳ ಸಭೆಯಲ್ಲಿ ಟ್ಯಾಂಕು ಶುಚಿಗೆ ಯಾರ ದರ ಕಡಿಮೆಯೆಂದು ಚರ್ಚೆ ನಡೆಯುತ್ತದಲ್ಲವೆ? ಆ ಕಡಿಮೆ ದರ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಬಹಳ ಸಲ ಅದು ತಾರದ ಯಂತ್ರದಿಂದ, ಕೊಡದ ಉಡುಪಿನಿಂದ, ನಿಲ್ಲಿಸದ ಸಹಾಯಕನಿಂದ ಉಳಿಸಿದ ಹಣ.

ಆದ್ದರಿಂದ ಮೊದಲು ಕೇಳಿದ ಪ್ರಶ್ನೆಗೆ ನಮಗೆ ತೋಚುವ ಉತ್ತರ ಹೀಗಿದೆ. ಕೂಲಿ ಕೊಟ್ಟಾಗ ನಾವು ಕೊಂಡುಕೊಂಡದ್ದು ಕೆಲಸವನ್ನು, ಕೆಲಸದವನ ಮೈಯನ್ನಲ್ಲ. ಮೈಗೆ ಬರುವ ಹಾನಿಯನ್ನು ತಡೆಯುವ ಸಾಧನವಿದ್ದೂ ಅದನ್ನು ಬಿಟ್ಟು ಅಗ್ಗದ ದಾರಿ ಹಿಡಿದರೆ ಆ ಹಾನಿಯಲ್ಲಿ ನಮ್ಮ ಪಾಲಿದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವುದನ್ನು ನಮ್ಮ ತರ್ಕಶಾಸ್ತ್ರ ಕಲಿಸಿತು. ಮನೆ ಚೊಕ್ಕಟವಾಗಿ ಕಂಡರೆ ಅದರ ಮಸಿ ಯಾರ ಮೈಮೇಲಿದೆಯೆಂದು ಊಹಿಸುವುದನ್ನು ನಾವೇ ಕಲಿಯಬೇಕಾಗಿದೆ.

ಇದಕ್ಕೆ ದೊಡ್ಡ ತ್ಯಾಗವೇನೂ ಬೇಡ. ಮುಂದಿನ ಸಲ ಟ್ಯಾಂಕೋ, ಚರಂಡಿಯೋ, ಅಡುಗೆಮನೆಯ ಯಂತ್ರದ ಜಿಡ್ಡೋ, ಯಾವುದನ್ನು ಶುಚಿಮಾಡಿಸುವಾಗಲೂ ಮೂರು ವಿಷಯ ವಿಚಾರಿಸೋಣ. ಮನುಷ್ಯ ಇಳಿಯುತ್ತಾನೋ, ಸಾಧನ ಇಳಿಯುತ್ತದೋ? ಕೈಗವಸು, ಉಡುಪು ಉಂಟೋ? ಕೆಲಸ ಮುಗಿದ ಮೇಲೆ ಅವನು ಕೈಕಾಲು ತೊಳೆಯುವುದಕ್ಕೆ ನಮ್ಮ ಕಟ್ಟಡದಲ್ಲಿ ಒಂದು ನಲ್ಲಿ, ಒಂದು ಸಾಬೂನು ಉಂಟೋ? ಮೊದಲ ಎರಡಕ್ಕೆ ಖರ್ಚಾಗುತ್ತದೆ. ಆ ಖರ್ಚನ್ನು ಸೊಸೈಟಿಯ ಮುಂಗಡಪತ್ರದಲ್ಲಿ ಬರೆಸಬೇಕು, ಅದಕ್ಕಾಗಿ ಸಭೆಯಲ್ಲಿ ಎದ್ದು ನಿಂತು ಮಾತಾಡಬೇಕು. ಪರಭಾಷೆಯ ಊರಿನಲ್ಲಿ ಹೊರಗಿನವರಾದ ನಮಗೆ ಏಕೆ ಈ ಉಸಾಬರಿ ಎಂದು ಸುಮ್ಮನಿರುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಆದರೆ ಆ ಕೊಳವೆಯಲ್ಲಿ ಹರಿಯುವುದರಲ್ಲಿ ನಮ್ಮ ಮನೆಯದೂ ಸೇರಿದೆಯಷ್ಟೆ.